ಮೊದಲು ನೀರು ಕಳೆಯಿರಿ: ನಾಯಿ ಊಟದ ಚೀಲ ಓದುವುದು ಹೇಗೆ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. 14 ವರ್ಷ ಆಯಿತು. ಭತ್ತದ ಲಾರಿ ಬಂದು ನಿಂತ ಕೂಡಲೇ ನಮ್ಮಲ್ಲಿ ಯಾರೂ ರೇಟು ಮಾತಾಡುವುದಿಲ್ಲ. ನಾಲ್ಕೈದು ಚೀಲಕ್ಕೆ ಕೊಳವೆ ಚುಚ್ಚಿ, ಒಂದೊಂದು ಹಿಡಿ ಕಾಳು ತೆಗೆದು, ಕಲಸಿ ಮೀಟರಿಗೆ ಹಾಕುತ್ತಾರೆ. 17 ಅಂತ ತೋರಿಸಿತೋ, 20 ಅಂತ ತೋರಿಸಿತೋ ನೋಡಿಕೊಂಡು ಆಮೇಲೆ ಮಾತು. ಅದು ತೇವಾಂಶ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ಭತ್ತಕ್ಕೂ 17 ಪರ್ಸೆಂಟಿನ ಮಿತಿ ಇದೆ. 20 ಪರ್ಸೆಂಟ್ ತೇವ ಇರುವ 100 ಕೆಜಿ ಭತ್ತವನ್ನು 14ಕ್ಕೆ ಒಣಗಿಸಿದರೆ ಕೈಗೆ ಸಿಗುವುದು 93 ಕೆಜಿ. ಮಿಕ್ಕ 7 ಕೆಜಿ ನೀರು. ನೀರಿಗೆ ಭತ್ತದ ರೇಟು ಯಾರು ಕೊಡ್ತಾರೆ ಹೇಳಿ?

ಇಷ್ಟೆಲ್ಲಾ ಗೊತ್ತಿದ್ದ ನಾನೇ ನಾಯಿ ಊಟ ತರುವಾಗ ಸುಮಾರು ಒಂದು ವರ್ಷ ನೀರಿಗೂ ದುಡ್ಡು ಕೊಟ್ಟೆ, ಚೀಲದ ಮೇಲಿನ ಚಿತ್ರಕ್ಕೂ ದುಡ್ಡು ಕೊಟ್ಟೆ.

ನಾಯಿ ಹೆಸರು ಸೋನಾ. ಲ್ಯಾಬ್ರಡಾರ್, ಹೆಣ್ಣು. ಮಗಳ ಹಟಕ್ಕೆ ಮನೆಗೆ ಬಂದ ಮರಿ. ಮಿಲ್ಲಿನವರ ಮನೆ ನಾಯಿಗೆ ಸೋನಾ ಮಸೂರಿ ಹೆಸರು ಬಿಟ್ಟು ಇನ್ನೇನು ಇಡೋದು ಅಂತ ಯಜಮಾನರು ತಮಾಷೆಗೆ ಅಂದರು, ಅದೇ ನಿಂತಿತು. ಒಂದು ಸಲ ಅದನ್ನು ಸರ್ಕಾರಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಏನು ಊಟ ಹಾಕ್ತೀರಿ ಅಂತ ಕೇಳಿದರು. 'ಪೆಡಿಗ್ರಿ ಹಾಕ್ತೀನ್ರಿ' ಅಂದೆ. ನಮ್ಮ ಕಡೆ ಯಾವ ಕಂಪನಿಯ ಕಾಳಾದರೂ ಬಾಯಿಗೆ ಬರುವ ಹೆಸರು ಅದೇ ಅಲ್ವಾ. ಡಾಕ್ಟರು ನಕ್ಕು, 'ಯಾವ ಪೆಡಿಗ್ರಿರೀ? ಮುಂದಿನ ಸಲ ನಾಯಿ ಜೋಡಿ ಚೀಲಾನೂ ತಗೊಂಬರ್ರಿ' ಅಂದರು. ತಗೊಂಡು ಹೋದೆ. ಅವತ್ತು ಅವರು ಹತ್ತು ನಿಮಿಷ ತೋರಿಸಿದ್ದು, ಆಮೇಲೆ ನಾನೇ ಲೆಕ್ಕ ಹಾಕಿ ಕಲಿತದ್ದು, ಎರಡೂ ಇಲ್ಲಿದೆ.

ಮುಂಭಾಗ ಮಂಟಪ, ಹಿಂಭಾಗ ಅಡುಗೆ ಮನೆ

ಚೀಲದ ಮುಂಭಾಗ ಮದುವೆ ಮಂಟಪ ಇದ್ದ ಹಾಗೆ. ಹೂವು, ಲೈಟು, ನಗುವ ನಾಯಿ, ಪಕ್ಕದಲ್ಲಿ ಹಸಿ ಕೋಳಿ ತುಂಡು, ಕ್ಯಾರೆಟ್ಟು. ಊಟ ಹೇಗಿದೆ ಅಂತ ಗೊತ್ತಾಗಬೇಕಾದರೆ ಹಿಂದೆ ಹೋಗಬೇಕು. ಅಲ್ಲಿ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ನನ್ನ ಕಣ್ಣಿಗೆ ಕಾಣಿಸುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತೇನೆ. ಅಂಗಡಿಯಲ್ಲೇ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ಮುಂಭಾಗದ ಹೆಸರಲ್ಲಿ ಒಂದೇ ಒಂದು ವಿಷಯ ಗಮನಿಸಿ. 'ಚಿಕನ್', 'ವಿತ್ ಚಿಕನ್', 'ಚಿಕನ್ ಫ್ಲೇವರ್' ಮೂರೂ ಬೇರೆ ಬೇರೆ. ಅಮೆರಿಕದಲ್ಲಿ ಎಎಎಫ್‌ಸಿಓ ಎಂಬ ಅಧಿಕಾರಿಗಳ ಸಂಘ ಮಾಡಿದ ಮಾದರಿ ನಿಯಮದಲ್ಲಿ 'ವಿತ್ ಚಿಕನ್' ಅನ್ನೋಕೆ 3 ಪರ್ಸೆಂಟ್ ಕೋಳಿ ಇದ್ದರೆ ಸಾಕು. 'ಚಿಕನ್ ಡಿನ್ನರ್', 'ಚಿಕನ್ ರೆಸಿಪಿ' ಅನ್ನೋಕೆ 25 ಬೇಕು. 'ಫ್ಲೇವರ್' ಅನ್ನೋಕೆ ಇಂತಿಷ್ಟೇ ಪ್ರಮಾಣ ಅಂತ ಇಲ್ಲ, ರುಚಿ ಗೊತ್ತಾಗುವಷ್ಟು ಇದ್ದರೆ ಆಯಿತು. ನಮ್ಮ ಅಂಗಡಿಯ ಚೀಲಗಳೆಲ್ಲ ಆ ನಿಯಮದ ಪ್ರಕಾರವೇ ಬಂದಿರುತ್ತವೆ ಅಂತಲ್ಲ. ಆದರೆ ಆ ಮೂರು ಮಾತಿನ ವ್ಯತ್ಯಾಸ ತಲೆಯಲ್ಲಿದ್ದರೆ ಮಂಟಪಕ್ಕೆ ಮರುಳಾಗುವುದು ಕಡಿಮೆ.

'ಪ್ರೀಮಿಯಂ', 'ಗೋರ್ಮೆ', 'ಹೋಲಿಸ್ಟಿಕ್' ಇತ್ಯಾದಿಗೆ ಅರ್ಥ ಹುಡುಕಲು ಹೋಗಬೇಡಿ. ಅಕ್ಕಿ ಚೀಲದ ಮೇಲೆ ನಾವೂ 'ಸೂಪರ್ ಫೈನ್' ಅಂತ ಹಾಕುತ್ತೇವೆ.

ಸಾಮಾನಿನ ಪಟ್ಟಿ

ಹಿಂಭಾಗದಲ್ಲಿ 'ಇಂಗ್ರೀಡಿಯಂಟ್ಸ್' ಅಂತ ಒಂದು ಉದ್ದನೆಯ ಸಾಲು ಇರುತ್ತದೆ. ಯಾವುದು ಜಾಸ್ತಿ ತೂಕವೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಇದು ಬಹಳ ಜನಕ್ಕೆ ಗೊತ್ತು. ಬೇಯಿಸಿ ಒಣಗಿಸುವುದಕ್ಕೆ ಮುಂಚಿನ ತೂಕ ಅದು ಅಂತ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಇಲ್ಲೇ ನನಗೆ ಮಿಲ್ಲು ನೆನಪಾದದ್ದು. ಹಸಿ ಕೋಳಿಯಲ್ಲಿ ಸುಮಾರು 70 ಪರ್ಸೆಂಟ್ ನೀರು. 100 ಕೆಜಿ ಹಸಿ ಕೋಳಿ ಹಾಕಿದರೆ ಅದರಲ್ಲಿ ಒಣ ಪದಾರ್ಥ 30 ಕೆಜಿ. ಅದೇ ಚೀಲಕ್ಕೆ 80 ಕೆಜಿ ಅಕ್ಕಿ ನುಚ್ಚು ಹಾಕಿದ್ದಾರೆ ಅಂದುಕೊಳ್ಳಿ. ನುಚ್ಚಿನಲ್ಲಿ ನೀರು 12 ಪರ್ಸೆಂಟ್ ಇದ್ದರೂ ಒಣ ಪದಾರ್ಥ 70 ಕೆಜಿ. ಪಟ್ಟಿಯಲ್ಲಿ ಕೋಳಿ ಮೊದಲು, ನುಚ್ಚು ಎರಡನೆಯದು. ನಾಯಿ ತಟ್ಟೆಗೆ ಬರುವಾಗ ನುಚ್ಚೇ ದುಪ್ಪಟ್ಟು! ಇದರಲ್ಲಿ ಸುಳ್ಳು ಏನೂ ಇಲ್ಲ. ಹಸಿ ಭತ್ತ ತಂದು ತೂಕಕ್ಕೆ ನಿಲ್ಲಿಸಿದ ಹಾಗೆ, ಅಷ್ಟೆ.

'ಚಿಕನ್ ಮೀಲ್' ಅಂತ ಬರೆದಿದ್ದರೆ ಕತೆ ಬೇರೆ. ಕೋಳಿಯನ್ನು ಬೇಯಿಸಿ ಕೊಬ್ಬು, ನೀರು ತೆಗೆದು ಪುಡಿ ಮಾಡಿದ್ದು ಅದು. ನೀರು 10 ಪರ್ಸೆಂಟಿನ ಆಸುಪಾಸು, ಪ್ರೋಟೀನ್ 60ರ ಮೇಲೆ. ಹೆಸರು ಕೇಳೋಕೆ ಚೆನ್ನಾಗಿಲ್ಲ, ಮುಂಭಾಗದಲ್ಲಿ ಅದರ ಚಿತ್ರ ಹಾಕೋಕೂ ಆಗಲ್ಲ. ಆದರೆ ಪಟ್ಟಿಯ ಮೊದಲಲ್ಲಿ ಅದಿದ್ದರೆ ಒಣಗಿದ ಮೇಲೂ ಅದು ಮೊದಲೇ ಇರುತ್ತದೆ. 'ಚಿಕನ್ ಮೀಲ್', 'ಫಿಶ್ ಮೀಲ್' ಅಂತ ಪ್ರಾಣಿಯ ಹೆಸರು ಇದ್ದರೆ ನನಗೆ ಸಮಾಧಾನ. ಬರೀ 'ಮೀಟ್ ಮೀಲ್', 'ಅನಿಮಲ್ ಫ್ಯಾಟ್' ಅಂದರೆ ಯಾವ ಪ್ರಾಣಿ ಅಂತ ಹೇಳುವ ಮನಸ್ಸಿಲ್ಲ ಅಂತ ಅರ್ಥ.

'ಬೈಪ್ರಾಡಕ್ಟ್' ಕಂಡರೆ ಬೆಚ್ಚಿ ಬೀಳುವವರಿದ್ದಾರೆ. ಲಿವರ್, ಕಿಡ್ನಿ, ಬೋಟಿ ಎಲ್ಲ ಅದರಲ್ಲೇ ಬರುತ್ತವೆ. ನಮ್ಮ ಓಣಿಯಲ್ಲಿ ಭಾನುವಾರ ಬೋಟಿಗೆ ಕ್ಯೂ ನಿಲ್ಲುತ್ತಾರೆ, ನಾಯಿಗೆ ಯಾಕೆ ಬೇಡ?

ಇನ್ನು ಧಾನ್ಯದ ವಿಷಯ. ಇದು ನನ್ನ ಹೊಟ್ಟೆಪಾಡಿನ ಸಾಮಾನು, ಸ್ವಲ್ಪ ಜಾಸ್ತಿ ಮಾತಾಡ್ತೀನಿ. ಮೊದಲ ಸಲ ಸೋನಾಳ ಚೀಲ ಓದಿದಾಗ 'ಬ್ರೋಕನ್ ರೈಸ್', 'ರೈಸ್ ಬ್ರ್ಯಾನ್' ಅಂತ ಕಂಡು ನನಗೆ ನಗು ಬಂತು. ನುಚ್ಚು, ತೌಡು! ಎರಡೂ ನಮ್ಮ ಮಿಲ್ಲಿನಿಂದ ದಿನಾ ಲೋಡ್ ಆಗಿ ಹೋಗುವ ಮಾಲು. ತೌಡು ಎಣ್ಣೆ ಗಿರಣಿಗೆ ಹೋಗಿ, ಎಣ್ಣೆ ತೆಗೆದ ಮೇಲೆ ಉಳಿದದ್ದು ದನದ, ಕೋಳಿಯ ಮೇವಿಗೆ ಹೋಗುತ್ತದೆ. ನುಚ್ಚು ಕೆಟ್ಟದ್ದೇನಲ್ಲ. ಅಕ್ಕಿ ಮುರಿದಿದೆ ಅನ್ನೋದು ಬಿಟ್ಟರೆ ಅಕ್ಕಿಯೇ. ನಾಯಿಗೆ ಚೆನ್ನಾಗಿ ಅರಗುತ್ತದೆ. 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ತೋಳ ಮತ್ತು ನಾಯಿಯ ಜೀನುಗಳನ್ನು ಹೋಲಿಸಿ ನೋಡಿದಾಗ, ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದ್ದವು. ಮನುಷ್ಯನ ಜೊತೆ ಸಾವಿರಾರು ವರ್ಷ ಅನ್ನ, ರೊಟ್ಟಿ ತಿಂದು ಬದುಕಿದ ಪ್ರಾಣಿ ಅದು. ಹಾಗಾಗಿ 'ಗ್ರೇನ್ ಫ್ರೀ' ಅಂತ ಬರೆದ ಚೀಲಕ್ಕೆ ದುಪ್ಪಟ್ಟು ದುಡ್ಡು ಕೊಡುವ ಅಗತ್ಯ ಸಾಮಾನ್ಯ ನಾಯಿಗೆ ಇಲ್ಲ. ಅಂಥ ಎಷ್ಟೋ ಚೀಲಗಳಲ್ಲಿ ಧಾನ್ಯದ ಬದಲು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿರುತ್ತಾರೆ. ಅಂಥ ಊಟಕ್ಕೂ ನಾಯಿಗಳ ಒಂದು ಹೃದಯ ರೋಗಕ್ಕೂ ಸಂಬಂಧ ಇದೆಯಾ ಅಂತ 2018ರಲ್ಲಿ ಅಮೆರಿಕದ ಎಫ್‌ಡಿಎ (ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ವಿಚಾರಣೆ ಶುರು ಮಾಡಿತ್ತು. ಕಾರಣ ಇದೇ ಅಂತ ಸಾಬೀತಾಗಲಿಲ್ಲ, ಆದರೂ ಧಾನ್ಯ ಬಿಟ್ಟ ಮಾತ್ರಕ್ಕೆ ಊಟ ಒಳ್ಳೆಯದಾಗಲ್ಲ ಅನ್ನೋದಂತೂ ಜನಕ್ಕೆ ತಿಳಿಯಿತು.

ಧಾನ್ಯ ಇರುವುದು ತಪ್ಪಲ್ಲ. ಧಾನ್ಯವನ್ನು ಚೂರು ಮಾಡಿ ಬಚ್ಚಿಡುವುದು ತಪ್ಪು. ಪಟ್ಟಿಯಲ್ಲಿ ಹೀಗೆ ಇರುತ್ತದೆ: ಚಿಕನ್ ಮೀಲ್, ಮೆಕ್ಕೆಜೋಳ, ಕಾರ್ನ್ ಗ್ಲುಟೆನ್ ಮೀಲ್ (ಮೆಕ್ಕೆಜೋಳದ ಪ್ರೋಟೀನ್ ಭಾಗ), ಅಕ್ಕಿ ನುಚ್ಚು, ತೌಡು. ಚಿಕನ್ ಮೊದಲಿದೆ ಅಂತ ಖುಷಿ ಆಗುತ್ತದೆ. ಆದರೆ ಮೆಕ್ಕೆಜೋಳದ್ದು ಎರಡು, ಅಕ್ಕಿಯದ್ದು ಎರಡು. ನಾಲ್ಕನ್ನೂ ಒಂದು ಗೋಣಿಗೆ ಹಾಕಿದರೆ ಅದೇ ಮೊದಲ ಸ್ಥಾನಕ್ಕೆ ಬರಬಹುದು. ನಾನು ಓದುವಾಗ ಪೆನ್ನು ಹಿಡಿದು ಒಂದೇ ಬೆಳೆಯಿಂದ ಬಂದದ್ದಕ್ಕೆಲ್ಲ ಒಂದೇ ಗುರುತು ಹಾಕುತ್ತೇನೆ. ಕೆಲವು ಚೀಲದವರು ಇದಕ್ಕೂ ಅವಕಾಶ ಕೊಡದೆ 'ಸಿರಿಯಲ್ಸ್ ಅಂಡ್ ಸಿರಿಯಲ್ ಬೈಪ್ರಾಡಕ್ಟ್ಸ್' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಅದರೊಳಗೆ ನುಚ್ಚು ಎಷ್ಟು, ತೌಡು ಎಷ್ಟು? ನುಚ್ಚಿಗೂ ತೌಡಿಗೂ ರೇಟಿನಲ್ಲಿ ಇರುವ ಫರಕು ನನಗೆ ದಿನಾ ಕಣ್ಣೆದುರು ಇರುವುದರಿಂದ, ಆ ಸಾಲು ಪಟ್ಟಿಯ ಮೊದಲಲ್ಲೇ ಬಂದರೆ ನಾನು ಚೀಲ ಕೆಳಗೆ ಇಡುತ್ತೇನೆ.

ಪಟ್ಟಿಯ ಕೊನೆ ಭಾಗಕ್ಕೆ ಒಂದು ಸುಲಭದ ಉಪಾಯ ಇದೆ. 'ಸಾಲ್ಟ್' ಎಲ್ಲಿದೆ ಹುಡುಕಿ. ಉಪ್ಪು ಸಾಮಾನ್ಯವಾಗಿ ಒಂದು ಪರ್ಸೆಂಟಿಗಿಂತ ಕಡಿಮೆ ಹಾಕುತ್ತಾರೆ. ಉಪ್ಪು ಆದ ಮೇಲೆ ಬರುವ ಅರಿಶಿನ, ಬ್ಲೂಬೆರಿ, ಸ್ಪಿರುಲಿನಾ ಎಲ್ಲ ಒಗ್ಗರಣೆಯಲ್ಲಿ ಸಾಸಿವೆ ಬಿದ್ದ ಹಾಗೆ. ಮುಂಭಾಗದಲ್ಲಿ ಅವುಗಳದ್ದೇ ದೊಡ್ಡ ಚಿತ್ರ ಇದ್ದರೆ ನಕ್ಕು ಸುಮ್ಮನಾಗಿ. ವಿಟಮಿನ್, ಜಿಂಕ್, ತಾಮ್ರ ಮಾತ್ರ ಅಷ್ಟು ಸಣ್ಣ ಪ್ರಮಾಣದಲ್ಲೇ ಬೇಕಾಗುವುದು, ಅವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಕೊಬ್ಬು ಕೆಡದಿರಲಿ ಅಂತ ಹಾಕುವುದರಲ್ಲಿ 'ಮಿಕ್ಸ್ಡ್ ಟೊಕೊಫೆರಾಲ್ಸ್' ಅಂದರೆ ವಿಟಮಿನ್ ಇ. ಬಿಎಚ್ಎ, ಬಿಎಚ್‌ಟಿ ಅಂದರೆ ಕಾರ್ಖಾನೆಯಲ್ಲಿ ಮಾಡಿದ್ದು. ಎಥಾಕ್ಸಿಕ್ವಿನ್ ಅಂತ ಕಂಡರೆ ನಾನು ತರುವುದಿಲ್ಲ. ಯುರೋಪಿಯನ್ ಯೂನಿಯನ್ 2017ರಲ್ಲೇ ಪ್ರಾಣಿಗಳ ಆಹಾರದಲ್ಲಿ ಅದಕ್ಕೆ ಕೊಟ್ಟಿದ್ದ ಅನುಮತಿಯನ್ನು ತಡೆಹಿಡಿಯಿತು.

ನಾಲ್ಕು ಸಾಲಿನ ಪಟ್ಟಿ, ಮತ್ತು ನೀರು ಕಳೆಯೋದು

ಪಟ್ಟಿಯ ಕೆಳಗೆ ಒಂದು ಸಣ್ಣ ಟೇಬಲ್. ಕ್ರೂಡ್ ಪ್ರೋಟೀನ್, ಕ್ರೂಡ್ ಫ್ಯಾಟ್ ಎದುರಿಗೆ 'ಮಿನ್' ಅಂತ ಇರುತ್ತದೆ: ಇದಕ್ಕಿಂತ ಕಡಿಮೆ ಇಲ್ಲ. ಕ್ರೂಡ್ ಫೈಬರ್ (ನಾರು), ಮಾಯಿಶ್ಚರ್ (ತೇವಾಂಶ) ಎದುರಿಗೆ 'ಮ್ಯಾಕ್ಸ್': ಇದಕ್ಕಿಂತ ಜಾಸ್ತಿ ಇಲ್ಲ. ಎಲ್ಲರೂ ಪ್ರೋಟೀನ್ ನೋಡಿ ಚೀಲ ಎತ್ತಿಕೊಳ್ಳುತ್ತಾರೆ. ನೀವು ಮಾಯಿಶ್ಚರ್ ನೋಡಿ.

ಸೋನಾಗೆ ನಾನು ಒಣ ಕಾಳಿನ ಜೊತೆ ದಿನಾ ಎರಡು ಗ್ರೇವಿ ಪೌಚ್ ಹಾಕುತ್ತಿದ್ದೆ. ಒಂದು ಸಲ ಕೂತು ಎರಡನ್ನೂ ಹೋಲಿಸಿದೆ. ಒಣ ಕಾಳಿನಲ್ಲಿ ಪ್ರೋಟೀನ್ 20, ಮಾಯಿಶ್ಚರ್ 12. ಪೌಚಿನಲ್ಲಿ ಪ್ರೋಟೀನ್ 7, ಮಾಯಿಶ್ಚರ್ 84. ಮೇಲ್ನೋಟಕ್ಕೆ ಕಾಳು ಮೂರು ಪಟ್ಟು ಮೇಲು. ಈಗ ನೀರು ಕಳೆಯಿರಿ. ಕಾಳಿನಲ್ಲಿ 100ರಲ್ಲಿ 12 ಹೋದರೆ ಒಣ ಪದಾರ್ಥ 88. 20 ಭಾಗಿಸು 88, ಅಂದರೆ 22.7 ಪರ್ಸೆಂಟ್ ಪ್ರೋಟೀನ್. ಪೌಚಿನಲ್ಲಿ 84 ಹೋದರೆ ಉಳಿಯುವುದು 16. 7 ಭಾಗಿಸು 16, ಅಂದರೆ ಹತ್ತಿರ ಹತ್ತಿರ 44! ಒಣ ಲೆಕ್ಕದಲ್ಲಿ ಪೌಚೇ ದುಪ್ಪಟ್ಟು.

ಹಾಗಾದರೆ ಪೌಚ್ ಒಳ್ಳೆಯದು ಅಂತ ನಾನೂ ಅಂದುಕೊಂಡೆ. ಆಮೇಲೆ ದುಡ್ಡಿನ ಲೆಕ್ಕ ಹಾಕಿದೆ. 80 ಗ್ರಾಮಿನ ಪೌಚಿಗೆ 40 ರೂಪಾಯಿ ಅಂತ ಹಿಡಿಯಿರಿ. ಕೆಜಿಗೆ 500 ಆಯಿತು. ಆ ಒಂದು ಕೆಜಿಯಲ್ಲಿ 840 ಗ್ರಾಂ ನೀರು. ತುಂಗಭದ್ರಾ ಕಾಲುವೆ ಪಕ್ಕ ಇರುವ ಊರಲ್ಲಿ ಕೂತು ನೀರಿಗೆ ಇಷ್ಟು ಕೊಡುತ್ತಿದ್ದೇನಲ್ಲಾ ಅಂತ ನಾಚಿಕೆ ಆಯಿತು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವ ನಾಯಿಗೆ, ಹಲ್ಲು ಹೋದ ಮುದಿ ನಾಯಿಗೆ ಪೌಚ್ ಉಪಯೋಗವೇ. ಸೋನಾಗೆ ಈಗ ಕಾಳಿನ ಮೇಲೆ ಒಂದು ಲೋಟ ಬೆಚ್ಚಗಿನ ನೀರು ಹೊಯ್ಯುತ್ತೇನೆ.

ಎಷ್ಟಿದ್ದರೆ ಸಾಕು? ಎಎಎಫ್‌ಸಿಓ ಹೇಳುವ ಕನಿಷ್ಠ ಮಟ್ಟ, ನೀರು ಕಳೆದ ಲೆಕ್ಕದಲ್ಲಿ, ಬೆಳೆದ ನಾಯಿಗೆ ಪ್ರೋಟೀನ್ 18, ಕೊಬ್ಬು 5.5 ಪರ್ಸೆಂಟ್. ಮರಿಗೆ, ಗಬ್ಬದ ನಾಯಿಗೆ, ಹಾಲೂಡಿಸುವ ತಾಯಿಗೆ ಪ್ರೋಟೀನ್ 22.5, ಕೊಬ್ಬು 8.5. ಕನಿಷ್ಠ ಅಂದರೆ ಪಾಸ್ ಮಾರ್ಕು. ಮೇಲಿನ ಕಾಳು ಮರಿಯ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಪಾಸಾಯಿತು ನೋಡಿ.

'ಕ್ರೂಡ್' ಅನ್ನೋ ಮಾತಿನ ಹಿಂದೆಯೂ ಒಂದು ಗುಟ್ಟಿದೆ. ಲ್ಯಾಬಿನಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು ಅದಕ್ಕೆ 6.25ರಿಂದ ಗುಣಿಸುತ್ತಾರೆ. ಯೂರಿಯಾ ಚೀಲದ ಮೇಲೆ 46 ಪರ್ಸೆಂಟ್ ನೈಟ್ರೋಜನ್ ಅಂತ ಬರೆದಿರುವುದು ನಮ್ಮ ಕಡೆ ಎಲ್ಲ ರೈತರಿಗೂ ಗೊತ್ತು. ಈ ಲೆಕ್ಕಕ್ಕೆ ಹಾಕಿದರೆ ಯೂರಿಯಾದಲ್ಲಿ 287 ಪರ್ಸೆಂಟ್ ಪ್ರೋಟೀನ್! ಇದು ಬರೀ ತಮಾಷೆಯಲ್ಲ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಗ್ಲುಟೆನ್ನಿನಲ್ಲಿ ಪ್ರೋಟೀನ್ ಜಾಸ್ತಿ ಕಾಣಲಿ ಅಂತ ಮೆಲಮೈನ್ ಎಂಬ ನೈಟ್ರೋಜನ್ ತುಂಬಿದ ರಾಸಾಯನಿಕ ಬೆರೆಸಿದ್ದರು. ಅದರಿಂದ ಮಾಡಿದ ಊಟ ತಿಂದು ನಾಯಿ ಬೆಕ್ಕುಗಳ ಕಿಡ್ನಿ ಹಾಳಾಯಿತು, ಎಷ್ಟೋ ಸತ್ತವು, ಕಂಪನಿಗಳು ಮಾಲು ವಾಪಸ್ ತರಿಸಿಕೊಳ್ಳಬೇಕಾಯಿತು. ಅದಕ್ಕೇ ಟೇಬಲ್ಲಿನ ಪ್ರೋಟೀನ್ ಅಂಕಿಯನ್ನು ಮೇಲಿನ ಸಾಮಾನಿನ ಪಟ್ಟಿ ಜೊತೆ ಸೇರಿಸಿಯೇ ಓದಬೇಕು. ಅಂಕಿ 26 ಇದೆ, ಪಟ್ಟಿಯಲ್ಲಿ ಮಾಂಸ ಐದನೇ ಸ್ಥಾನದಲ್ಲಿದೆ ಅಂದರೆ ಆ ಪ್ರೋಟೀನ್ ಬಹುಪಾಲು ಸೋಯಾದಿಂದ, ಮೆಕ್ಕೆಜೋಳದ ಗ್ಲುಟೆನ್ನಿನಿಂದ ಬಂದಿದೆ.

ಯಾರ ಊಟ ಇದು?

ಚೀಲದ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಇದೆಯಾ, 'ಕಾಂಪ್ಲಿಮೆಂಟರಿ' ಅಂತ ಇದೆಯಾ ನೋಡಿ. ಮೊದಲನೆಯದು ಪೂರ್ತಿ ಊಟ. ಎರಡನೆಯದು ಉಪ್ಪಿನಕಾಯಿ. ಎಷ್ಟೋ ಗ್ರೇವಿ, ಸ್ಟಿಕ್ಕು, ಬಿಸ್ಕತ್ತು ಎರಡನೆಯ ಜಾತಿಯವು. ಅವು ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ದಾಟಬಾರದು. ಪಕ್ಕದಲ್ಲೇ ಪಪ್ಪಿ, ಅಡಲ್ಟ್, ಅಥವಾ 'ಆಲ್ ಲೈಫ್ ಸ್ಟೇಜಸ್' ಅಂತ ಇರುತ್ತದೆ. ಕೊನೆಯದ್ದು ಮರಿಗೂ ಸಾಲುವ ಊಟ, ಅಂದರೆ ಮನೆಯಲ್ಲಿ ಕೂತ ನಾಯಿ ಅಳತೆ ಇಲ್ಲದೆ ತಿಂದರೆ ದಪ್ಪ ಆಗುತ್ತದೆ. 'ಎಎಎಫ್‌ಸಿಓ ಅಪ್ರೂವ್ಡ್' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಸಂಘ ಯಾವ ಚೀಲವನ್ನೂ ಪರೀಕ್ಷೆ ಮಾಡಿ ಪಾಸ್ ಮಾಡುವುದಿಲ್ಲ. ಅದರ ಮಟ್ಟಕ್ಕೆ ತಕ್ಕಂತೆ ಮಾಡಿದ್ದೇವೆ ಅಂತ ಕಂಪನಿ ಹೇಳಬಹುದು, ಅಷ್ಟೆ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 11968 ಎಂಬ ಮಾನದಂಡ ಇದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಸೋನಾ ಮೂರು ತಿಂಗಳ ಮರಿ ಇದ್ದಾಗ ಒಂದು ಅಂಗಡಿಯವರು, 'ಅಕ್ಕಾರ, ಲ್ಯಾಬ್ ಮರಿ ಐತಿ, ಕ್ಯಾಲ್ಸಿಯಂ ಹಾಕಲಿಲ್ಲಂದ್ರ ಕಾಲು ಸೊಟ್ಟ ಆಗ್ತಾವ' ಅಂತ ಒಂದು ಸಿರಪ್ ಬಾಟಲಿ ಕೊಟ್ಟರು. ದಿನಾ ಎರಡು ಚಮಚ ಹಾಕಿದೆ. ಮಗುವಿಗೆ ಟಾನಿಕ್ ಕುಡಿಸಿದಷ್ಟೇ ಸಂತೋಷ ನನಗೆ. ಚೀಲ ತಗೊಂಡು ಹೋದ ದಿನ ಪಶು ಡಾಕ್ಟರು ಪಪ್ಪಿ ಕಾಳಿನ ಚೀಲದ ಮೇಲೆ ಕ್ಯಾಲ್ಸಿಯಂ ಸಾಲಿಗೆ ಬೆರಳಿಟ್ಟು, 'ಇದರಾಗ ಬೇಕಾದಷ್ಟು ಐತ್ರಿ. ಮ್ಯಾಲೆ ಯಾಕ ಸುರೀತೀರಿ?' ಅಂದರು. ದೊಡ್ಡ ತಳಿಯ ಸಣ್ಣ ಮರಿಗೆ ಜಾಸ್ತಿ ಬಂದ ಕ್ಯಾಲ್ಸಿಯಂ ಅನ್ನು ಬೇಡ ಅಂತ ಹೊರಗೆ ಬಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೊಟ್ಟೆಗೆ ಬಂದದ್ದೆಲ್ಲ ಮೈಗೆ ಹತ್ತಿ ಮೂಳೆ, ಕೀಲು ಬೆಳೆಯುವ ರೀತಿಯೇ ಕೆಡಬಹುದು. ಬೆಳೆದ ಮೇಲೆ 32 ಕೆಜಿ ಮುಟ್ಟುವಂಥ ತಳಿಯ ಮರಿಗೆ ಎಎಎಫ್‌ಸಿಓ ಮಟ್ಟದಲ್ಲಿ ಕ್ಯಾಲ್ಸಿಯಂ 1.2ರಿಂದ 1.8 ಪರ್ಸೆಂಟ್ ಒಳಗೇ ಇರಬೇಕು, ಅದೂ ನೀರು ಕಳೆದ ಲೆಕ್ಕ. ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಸಮ ಸಮ ಇರಬಹುದು, ಕ್ಯಾಲ್ಸಿಯಂ ಹೆಚ್ಚೆಂದರೆ ದುಪ್ಪಟ್ಟು. ಪೂರ್ತಿ ಊಟದ ಚೀಲ ತರುತ್ತಿದ್ದರೆ ಡಾಕ್ಟರು ಹೇಳದೆ ಸಿರಪ್ ಹಾಕಬೇಡಿ. ಬರೀ ಅನ್ನ ಹಾಲು ತಿಂದು ಬೆಳೆಯುವ ಮರಿಯ ಮಾತು ಬೇರೆ, ಅದನ್ನು ಡಾಕ್ಟರನ್ನೇ ಕೇಳಿ.

ಕೆಜಿ ರೇಟು ಬೇಡ, ದಿನದ ರೇಟು ನೋಡಿ

ಕೆಲವು ಚೀಲದ ಮೇಲೆ 100 ಗ್ರಾಮಿಗೆ ಇಷ್ಟು ಕಿಲೋ ಕ್ಯಾಲೊರಿ ಅಂತ ಇರುತ್ತದೆ. ಇಲ್ಲದಿದ್ದರೆ ಟೇಬಲ್ಲಿನಿಂದಲೇ ಅಂದಾಜು ಮಾಡಬಹುದು. ಪ್ರೋಟೀನ್, ಕೊಬ್ಬು, ನಾರು, ನೀರು ಕೂಡಿಸಿ, ಬೂದಿ ಅಂಶಕ್ಕೆ (ಸುಟ್ಟ ಮೇಲೆ ಉಳಿಯುವ ಖನಿಜ) 7 ಅಥವಾ 8 ಸೇರಿಸಿ, 100ರಲ್ಲಿ ಕಳೆದರೆ ಉಳಿದದ್ದು ಪಿಷ್ಟ. ಆಮೇಲೆ ಪ್ರೋಟೀನಿಗೆ 3.5, ಪಿಷ್ಟಕ್ಕೆ 3.5, ಕೊಬ್ಬಿಗೆ 8.5ರಿಂದ ಗುಣಿಸಿ ಕೂಡಿಸಿ.

ನಾನು ಮಾಡಿದ ಲೆಕ್ಕ ಇದು. ಮೊದಲ ಚೀಲ: ಪ್ರೋಟೀನ್ 20, ಕೊಬ್ಬು 10, ನಾರು 5, ನೀರು 12, ಬೂದಿ 8. ಪಿಷ್ಟ 45. ಕ್ಯಾಲೊರಿ 312. ಎರಡನೆಯದು: ಪ್ರೋಟೀನ್ 28, ಕೊಬ್ಬು 17, ನಾರು 3, ನೀರು 10, ಬೂದಿ 7. ಪಿಷ್ಟ 35. ಕ್ಯಾಲೊರಿ 365. ಮೊದಲನೆಯದು ಕೆಜಿಗೆ 250 ರೂಪಾಯಿ, ಎರಡನೆಯದು 340. ನೋಡಿದ ಕೂಡಲೇ ಮೊದಲನೆಯದಕ್ಕೇ ಕೈ ಹೋಗುತ್ತದೆ.

ಈಗ ನಾಯಿಗೆ ದಿನಕ್ಕೆ ಎಷ್ಟು ಬೇಕು ನೋಡೋಣ. ಸೋನಾ 25 ಕೆಜಿ ಇರಬೇಕು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 25 ಗುಣಿಸು 25 ಗುಣಿಸು 25 ಒತ್ತಿ, 15,625 ಬರುತ್ತದೆ. ಅದರ ವರ್ಗಮೂಲ ತೆಗೆಯಿರಿ, 125. ಮತ್ತೊಮ್ಮೆ ವರ್ಗಮೂಲ, 11.18. ಅದನ್ನು 70ರಿಂದ ಗುಣಿಸಿದರೆ ಸುಮಾರು 783. ಇದು ಸುಮ್ನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ. ಮಕ್ಕಳಾಗದ ಆಪರೇಷನ್ ಆಗಿ ಮನೆಯಲ್ಲಿ ಓಡಾಡಿಕೊಂಡಿರುವ ನಾಯಿಗೆ ಇದರ 1.6 ಪಟ್ಟು, ಅಂದರೆ 1,250ರ ಆಸುಪಾಸು. ಮೊದಲ ಚೀಲದಲ್ಲಿ ಇದಕ್ಕೆ 400 ಗ್ರಾಂ ಬೇಕು, 100 ರೂಪಾಯಿ. ಎರಡನೆಯದರಲ್ಲಿ 343 ಗ್ರಾಂ ಸಾಕು, 117 ರೂಪಾಯಿ. ಚೀಲದ ಮೇಲೆ 36 ಪರ್ಸೆಂಟ್ ಇದ್ದ ಫರಕು ತಟ್ಟೆಯಲ್ಲಿ 17 ಪರ್ಸೆಂಟಿಗೆ ಇಳಿಯಿತು! ಅಂಗಳದಲ್ಲಿ ಎತ್ತಬೇಕಾದ ನಾಯಿಯ ಹೊಲಸೂ ಕಡಿಮೆ ಆಯಿತು, ಅದಕ್ಕೆ ರೇಟು ಹಾಕಿಲ್ಲ.

ಈ ಲೆಕ್ಕ ಶುರು ಮಾಡೋಕೆ ಮಾತ್ರ. ಚೀಲದ ಮೇಲಿನ ಫೀಡಿಂಗ್ ಚಾರ್ಟೂ ಹಾಗೇ. ಎರಡು ವಾರಕ್ಕೊಮ್ಮೆ ನಾಯಿಯ ಪಕ್ಕೆಗೆ ಕೈ ಹಾಕಿ ನೋಡಿ. ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ನಮ್ಮ ಪಕ್ಕದ ಮನೆಯಲ್ಲಿ ಮುಧೋಳ ನಾಯಿ ಇದೆ. ಅದರ ಎಲುಬು ಕಾಣುತ್ತದೆ ಅಂತ ಬಂದ ನೆಂಟರೆಲ್ಲ ಮರುಗುತ್ತಾರೆ. ಓಡುವ ತಳಿ ಅದು, ಇರೋದೇ ಹಾಗೆ. ಅದನ್ನು ನೋಡಿ ಲ್ಯಾಬ್ರಡಾರಿಗೆ ಅಳತೆ ಹಿಡಿಯಬೇಡಿ, ಲ್ಯಾಬ್ರಡಾರನ್ನು ನೋಡಿ ಅದಕ್ಕೂ ಹಿಡಿಯಬೇಡಿ.

ಚೀಲವೇ ಇಲ್ಲದ ಊಟ

ಎರಡು ಬೇಸಿಗೆ ಹಿಂದೆ ಮೇ ತಿಂಗಳಲ್ಲಿ, ಅಗ್ಗ ಅಂತ ಒಂದು ಅಂಗಡಿಯಿಂದ 5 ಕೆಜಿ ಲೂಸ್ ಕಾಳು ತಂದೆ. ದೊಡ್ಡ ಚೀಲದ ಬಾಯಿ ಬಿಚ್ಚಿ, ಬಾಗಿಲ ಹತ್ತಿರ ಇಟ್ಟುಕೊಂಡು, ಬಿಳಿ ಪ್ಲಾಸ್ಟಿಕ್ ಕವರಿಗೆ ಸುರಿದು ತೂಗಿ ಕೊಡುತ್ತಿದ್ದರು. ನಮ್ಮ ಊರ ಮೇ ತಿಂಗಳು ಗೊತ್ತಲ್ಲ, 40 ದಾಟಿದ ಬಿಸಿಲು. ಮೊದಲ ದಿನ ಸೋನಾ ಮೂಸಿ ನೋಡಿ ಹಿಂದೆ ಸರಿಯಿತು. ಲ್ಯಾಬ್ರಡಾರ್ ಊಟ ಬಿಟ್ಟಿತು ಅಂದರೆ ಅದೊಂದು ಸುದ್ದಿ. ಅತ್ತೆ ಒಂದು ಹಿಡಿ ಎತ್ತಿ ಮೂಸಿ, 'ಹಳೇ ಶೇಂಗಾ ಎಣ್ಣಿ ನಾರಿದಂಗ ನಾರತೈತಲ್ಲವ್ವಾ' ಅಂದರು. ಕಮಟು ವಾಸನೆ. ಕಾಳಿನ ಮೇಲೆ ಸಿಂಪಡಿಸಿದ ಕೊಬ್ಬು ಕೆಟ್ಟಿತ್ತು. ಕವರು ಹಿಡಿದುಕೊಂಡು ವಾಪಸ್ ಹೋದರೆ, 'ಒಳ್ಳೆ ಕಂಪನಿ ಮಾಲು ಅಕ್ಕಾರ' ಅನ್ನುವ ಉತ್ತರ. ಯಾವಾಗ ಮಾಡಿದ್ದು, ಯಾವ ಬ್ಯಾಚು, ಯಾರಿಗೆ ಫೋನ್ ಮಾಡಬೇಕು? ಬಿಳಿ ಕವರಿನ ಮೇಲೆ ಏನಿದೆ ತೋರಿಸೋಕೆ?

2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಪ್ಯಾಕೆಟಿನ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಲೇಬೇಕು. ಲೂಸ್ ಕೊಂಡರೆ ಇವೆಲ್ಲ ಅಂಗಡಿಯಲ್ಲೇ ಉಳಿಯಿತು. ಬ್ಯಾಚ್ ನಂಬರ್ ಯಾಕೆ ಬೇಕು ಅಂದರೆ, ಮೆಕ್ಕೆಜೋಳಕ್ಕೆ, ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಆಗುತ್ತದೆ, ನಾಯಿಯ ಲಿವರ್ ಕೆಡಿಸುತ್ತದೆ. ಅದು ಕಣ್ಣಿಗೂ ಕಾಣುವುದಿಲ್ಲ, ಲೇಬಲ್ಲಿನಲ್ಲೂ ಇರುವುದಿಲ್ಲ. ಮಾಲು ವಾಪಸ್ ಕರೆಸಿದರೆ ಬ್ಯಾಚ್ ನಂಬರಿನಿಂದಲೇ ಗೊತ್ತಾಗಬೇಕು.

ಈಗ ನಾನು 3 ಕೆಜಿ ಚೀಲ ತರುತ್ತೇನೆ. 20 ಕೆಜಿಯದ್ದು ಕೆಜಿಗೆ ಅಗ್ಗವೇ, ಆದರೆ ಬಿಚ್ಚಿದ ಮೇಲೆ ತಿಂಗಳೊಳಗೆ ಮುಗಿಯಬೇಕು, ನಮ್ಮದು ಒಂದೇ ನಾಯಿ. ಚೀಲದ ಸಮೇತ ಸ್ಟೀಲ್ ಡಬ್ಬಿಗೆ ಇಳಿಸುತ್ತೇನೆ, ಡಬ್ಬಿಗೆ ಸುರಿಯುವುದಿಲ್ಲ. ಚೀಲ ಮಡಚಿ ಬಟ್ಟೆ ಕ್ಲಿಪ್ ಹಾಕಿದರೆ ಆಯಿತು. ಡಬ್ಬಿ ಇರುವುದು ದೇವರ ಮನೆ ಪಕ್ಕದ ಕೋಣೆಯಲ್ಲಿ, ಅಡುಗೆ ಮನೆಯ ಶಾಖ ಬಾರದ ಜಾಗ. ಹೊಸ ಬ್ರ್ಯಾಂಡು ತಂದರೆ ಹಳೆಯದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಒಂದು ವಾರ, ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. ಒಂದೇ ದಿನಕ್ಕೆ ಬದಲಿಸಿದರೆ ಭೇದಿ ಆಗಬಹುದು, ಆಮೇಲೆ ಒಳ್ಳೆ ಊಟಕ್ಕೂ ಕೆಟ್ಟ ಹೆಸರು. ಮನೆಯ ಸಾರು, ಬಿರಿಯಾನಿ ಮೇಲೆ ಸುರಿಯಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ.

ಅಳತೆಗೆ ಲೋಟ ನಂಬಬೇಡಿ. ಒಂದೊಂದು ಕಂಪನಿಯ ಕಾಳು ಒಂದೊಂದು ಗಾತ್ರ, ಅದೇ ಲೋಟದಲ್ಲಿ ತೂಕ ಬೇರೆ ಬೇರೆ. ನಾನು ಅಡುಗೆ ಮನೆಯ ಸಣ್ಣ ತಕ್ಕಡಿಯಲ್ಲಿ ಬೆಳಿಗ್ಗೆಯೇ ದಿನದ ಪೂರ್ತಿ ಊಟ ತೂಗಿ ಒಂದು ಡಬ್ಬಿಗೆ ಹಾಕಿ ಇಡುತ್ತೇನೆ, ಎರಡು ಹೊತ್ತಿಗೆ ಅದರಿಂದಲೇ. 343 ಗ್ರಾಂ ಅಂತ ಲೆಕ್ಕ. ತೂಗುವುದು 313. ಅತ್ತೆ ಬೆಳಿಗ್ಗೆ ಚಹಾ ಹೊತ್ತಿಗೆ ಯಾರಿಗೂ ಕಾಣದ ಹಾಗೆ ಸೋನಾಗೆ ಅರ್ಧ ಜೋಳದ ರೊಟ್ಟಿ ಕೊಡುತ್ತಾರೆ. ಅದರಲ್ಲಿ ಹತ್ತಿರ ಹತ್ತಿರ 100 ಕ್ಯಾಲೊರಿ. 30 ಗ್ರಾಂ ಅದಕ್ಕೆ ಕಳೆದದ್ದು. ಅತ್ತೆಗೆ ಹೇಳಿಲ್ಲ.